ಮುಖದ ನೀಲಿ ತೆಗೆಯಿರಿ

ಮೆಲ್ಕಾರಿನ ಕಲರ್ ಲ್ಯಾಬಿನ ಅಬ್ದುಲ್ ರವೂಫ್‌ಗೆ ಕಣ್ಣು ಮಂಜಾಗಿದೆ ಎಂದು ನಿತ್ಯಾನಂದರು ತೀರ್ಮಾನಿಸಿ ಒಂದು ವಾರವಾಗಿತ್ತು. ನಿತ್ಯಾನಂದರೆಂದರೆ ಮೂಡುಬಿದಿರೆಯಲ್ಲಿ ಇಪ್ಪತ್ತೆಂಟು ವರ್ಷ ಹೆಂಡತಿಯ ಹೆಸರಿನಲ್ಲಿ ಕಾಂತಿ ಸ್ಟುಡಿಯೋ ನಡೆಸಿಕೊಂಡು ಬಂದವರು. (ಸ್ಟುಡಿಯೋದಲ್ಲಿ ಹೆಸರು ಹೆಂಡತಿಯದು, ಮಾತು ಗಂಡನದು. ಮನೆಯಲ್ಲಿ ಇದರ ಉಲ್ಟಾ.) ಊರಿನ ಹುಡುಗ ಹುಡುಗಿಯರ ಮೊಡವೆ, ಮಚ್ಚೆ, ಮುಖದ ಸಿಡುಕು ಎಲ್ಲವನ್ನೂ ಸಣ್ಣ ಬ್ರಷ್ಷಿನಲ್ಲಿ ಒರೆಸಿ ಮದುವೆಯ ದಡ ಸೇರಿಸಿದ ಮಹಾನುಭಾವರು. ಅಂಥವರ ಮುಖವೇ ಮೊಮ್ಮಗಳು ತೃಷಾಳ ಬರ್ತ್‌ಡೇ ಫೋಟೋದಲ್ಲಿ ನೀಲಿ ಬಂದಿತ್ತು. ವಾಪಸು ಕಳಿಸಿದರೆ ಎರಡನೆಯ ಪ್ರಿಂಟೂ ನೀಲಿ.

"ನೀನು ಸರಿ ಬಂದಿದ್ದಿ, ಮಗು ಸರಿ ಬಂದಿದೆ, ಕೇಕ್ ಕೂಡ ಸರಿ ಬಂದಿದೆ. ನಾನು ಮಾತ್ರ ಯಾಕೆ ಹೀಗೆ?" ಎಂದು ಹೆಂಡತಿಯನ್ನು ಕೇಳಿದರು.

"ಅದನ್ನೇ ನಾನೂ ಕೇಳುವುದು," ಎಂದರು ಕಾಂತಿಯಕ್ಕ. "ಎರಡು ತಿಂಗಳಿಂದ ಹೇಳ್ತಾ ಇದ್ದೇನೆ, ನಿಮ್ಮ ಬಣ್ಣ ಒಂದು ತರ ಆಗಿದೆ ಅಂತ."

"ಅದು ಟ್ಯೂಬ್‌ಲೈಟು."

"ಅಂಗಳದಲ್ಲಿಯೂ ಟ್ಯೂಬ್‌ಲೈಟಾ ಮಾರಾಯ್ರೆ?"

ಇಂಥ ಪ್ರಶ್ನೆಗಳಿಗೆ ಕಲಾವಿದರು ಉತ್ತರ ಕೊಡುವುದಿಲ್ಲ. ನಿತ್ಯಾನಂದರು ಕವರಿನ ಮೇಲೆ ಕೆಂಪು ಶಾಯಿಯಲ್ಲಿ 'ಮುಖದ ನೀಲಿ ತೆಗೆಯಿರಿ' ಎಂದು ಬರೆದು ಮೂರನೆಯ ಸಲ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟರು.

ಇದರ ಮೂಲ ಹಿಂದಿನ ವರ್ಷದ ಮಳೆಗಾಲದಲ್ಲಿತ್ತು. ಮಗಳು ಅಳಿಯ ಮಸ್ಕತ್‌ನಲ್ಲಿ, ತೃಷಾ ಅಜ್ಜಿ ಮನೆಯಲ್ಲಿ. ಮಗುವಿಗೆ ತಿಂಗಳಿಗೆ ಎರಡು ಸಲ ಶೀತ. ಶೀತ ಇಳಿದು ಉಬ್ಬಸ. ರಾತ್ರಿ ಅದರ ಎದೆಯ ಗೊರಗೊರ ಕೇಳುತ್ತಾ ಮಲಗುವುದು ನಿತ್ಯಾನಂದರಿಂದ ಆಗುತ್ತಿರಲಿಲ್ಲ. ಮಗಳಿಗೆ ಇಮೇಲ್ ಕಳಿಸಲು ಸುಧಾಕರನ ಸೈಬರ್ ಕೆಫೆಗೆ ಹೋದವರ ಕಣ್ಣಿಗೆ ಒಂದು ಜಾಹೀರಾತು ಬಿತ್ತು. ಬೆಳ್ಳಿ ನೀರು! ಶೀತ, ಕೆಮ್ಮು, ಉಬ್ಬಸ, ಇನ್ನೂ ಎಪ್ಪತ್ತು ರೋಗ, ಎಲ್ಲಕ್ಕೂ ಒಂದೇ ಮದ್ದು, ಮನೆಯಲ್ಲೇ ತಯಾರಿಸಿ.

ಹದಿನೈದು ದಿನದಲ್ಲಿ ಕಿಟ್ಟು ಅಂಚೆಯ ವಿ.ಪಿ.ಯಲ್ಲಿ ಬಂತು. ಎರಡು ಬೆಳ್ಳಿ ತಂತಿ, ಎರಡು ಕ್ಲಿಪ್ಪು, ಮೂರು ಬ್ಯಾಟರಿ, ಒಂದು ಜೆರಾಕ್ಸ್ ಹಾಳೆ. ತಂತಿಗಳನ್ನು ನೀರಿನ ಲೋಟಕ್ಕೆ ಇಳಿಸಿ ಕರೆಂಟು ಕೊಡಬೇಕು, ಅಷ್ಟೆ. ಎಷ್ಟು ಹೊತ್ತು? ಹಾಳೆಯಲ್ಲಿ ಮೇಲೆ ಹತ್ತು ನಿಮಿಷ ಎಂದಿತ್ತು, ಕೆಳಗೆ ಮೂವತ್ತು ಎಂದಿತ್ತು. ನಿತ್ಯಾನಂದರು ಯಾರಿಗೂ ಬೇಸರವಾಗುವುದು ಬೇಡವೆಂದು ಎರಡನ್ನೂ ಕೂಡಿಸಿ ನಲವತ್ತು ಇಟ್ಟರು. ಬಾವಿ ನೀರಿಗೆ ಚಿಟಿಕೆ ಉಪ್ಪು ಹಾಕಿದರೆ ಕೆಲಸ ಬೇಗ ಆಗುತ್ತದೆಂದು ತಾವೇ ಕಂಡುಹಿಡಿದರು. ತಂತಿಯಿಂದ ಬಿಳಿ ಹೊಗೆಯಂಥದು ಇಳಿದು ಲೋಟ ಮಜ್ಜಿಗೆ ನೀರಿನ ಹಾಗಾಯಿತು. ಅದರಲ್ಲಿ ಬೆಳ್ಳಿ ಎಷ್ಟು, ಮತ್ತೇನು ಎಷ್ಟು ಎಂದು ಅಳೆಯುವ ಸಾಧನ ಕಿಟ್ಟಿನಲ್ಲಿರಲಿಲ್ಲ.

"ನಾಳೆಯಿಂದ ಮಗುವಿಗೆ ದಿನಾ ಎರಡು ಚಮಚ," ಎಂದು ಘೋಷಿಸಿದರು.

ಕಾಂತಿಯಕ್ಕ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡರು. "ಮೊದಲು ನೀವು ಕುಡಿಯಿರಿ. ಇವಳ ಮುಂದಿನ ಬರ್ತ್‌ಡೇವರೆಗೆ. ನಿಮಗೆ ಏನೂ ಆಗದಿದ್ದರೆ ಆಮೇಲೆ ನೋಡುವ."

"ಅದಕ್ಕೆ ಇನ್ನೂ ಹನ್ನೊಂದು ತಿಂಗಳು ಉಂಟು."

"ಉಂಟಲ್ಲ, ಕುಡಿಯಿರಿ."

ಕುಡಿದರು. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ಯೋಗಾಸನವನ್ನು ನಾಲ್ಕು ದಿನಕ್ಕೆ, ಹಾರ್ಮೋನಿಯಂ ಕ್ಲಾಸನ್ನು ಆರು ದಿನಕ್ಕೆ ಬಿಟ್ಟ ಮನುಷ್ಯ ಇದೊಂದನ್ನು ಬಿಡಲಿಲ್ಲ. ಹಗಲೆಲ್ಲ ಶಾಲೆಗಳ ಗ್ರೂಪ್ ಫೋಟೋ, ಮದುವೆ ಮೆರವಣಿಗೆ ಎಂದು ಬಿಸಿಲಲ್ಲೇ ನಿಂತರು. ಬರ್ತ್‌ಡೇ ಬಂತು, ಫೋಟೋ ತೆಗೆದದ್ದಾಯಿತು. ಆ ಫೋಟೋವೇ ಕಾಂತಿಯಕ್ಕನಿಗೆ ತೋರಿಸಬೇಕಾದ ಪುರಾವೆ. ಹಾಗಾಗಿ ಅದು ಸರಿ ಬರಲೇಬೇಕಿತ್ತು.

ಮೂರನೆಯ ಪ್ರಿಂಟಿನಲ್ಲಿ ಸರಿ ಬಂತು. ನಿತ್ಯಾನಂದರು ಗೋಧಿ ಬಣ್ಣದಲ್ಲಿ ಮದುಮಗನ ಹಾಗೆ ಕಂಗೊಳಿಸುತ್ತಿದ್ದರು. ಅವರ ನೀಲಿ ತೆಗೆಯಲು ಹೋಗಿ ಇಡೀ ಫೋಟೋದ ನೀಲಿ ತೆಗೆದಿದ್ದರಿಂದ ಕಾಂತಿಯಕ್ಕ, ತೃಷಾ, ಬಿಳಿ ಕ್ರೀಮಿನ ಕೇಕು, ಹಿಂದಿನ ಸುಣ್ಣದ ಗೋಡೆ ಎಲ್ಲವೂ ಅರಸಿನದಲ್ಲಿ ಅದ್ದಿದ ಹಾಗಿದ್ದವು.

"ನಾವು?" ಎಂದರು ಕಾಂತಿಯಕ್ಕ.

"ನೀವು ಸ್ವಲ್ಪ ಹಳದಿ ಹೊಡೆದಿದ್ದೀರಿ. ಅಡ್ಡಿಯಿಲ್ಲ."

ಅಂದೇ ಅದನ್ನು ಮಸ್ಕತ್‌ಗೆ ಪೋಸ್ಟ್ ಮಾಡಿದರು. ಜೊತೆಗೆ ಒಂದು ಪತ್ರ: ಬೆಳ್ಳಿ ನೀರಿನ ಫಲ ಫೋಟೋದಲ್ಲೇ ನೋಡು, ಬರುವ ಒಂದನೇ ತಾರೀಕಿನಿಂದ ತೃಷಾಳಿಗೂ ಶುರು. ಬಣ್ಣದ ಮಾತೆತ್ತಿದರೆ ಆ ಫೋಟೋವೇ ಪುರಾವೆ ಎನ್ನುತ್ತಿದ್ದರು. ಕಾಂತಿಯಕ್ಕ ಕೊಟ್ಟ ಮಾತಿಗೆ ಕಟ್ಟುಬಿದ್ದು ಒಳಗೊಳಗೇ ಹೆದರುತ್ತಿದ್ದರು.

ತಿಂಗಳ ಕೊನೆಯ ಭಾನುವಾರ ರವೂಫ್ ಮದುವೆಯೊಂದಕ್ಕೆ ಮೂಡುಬಿದಿರೆಗೆ ಬಂದವನು ಮನೆಗೂ ಬಂದ. ಜಗಲಿ ಹತ್ತುವಾಗಲೇ ನಿಂತುಬಿಟ್ಟ.

"ನಿತ್ಯಣ್ಣ, ಸ್ವಲ್ಪ ಬೆಳಕಿಗೆ ಬನ್ನಿ. ಆ ಮೊದಲ ಪ್ರಿಂಟ್ ಉಂಟಾ?"

ತಂದರು. ರವೂಫ್ ಅದನ್ನು ಅವರ ಕೆನ್ನೆಯ ಪಕ್ಕ ಹಿಡಿದು ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ, "ಅಣ್ಣ, ನನ್ನ ಮೆಷಿನ್ ಸರಿ ಉಂಟು," ಎಂದ.

ಕಾಂತಿಯಕ್ಕ ಗಂಡನ ಕೈ ಹಿಡಿದು ತಿರುಗಿಸಿದರು. ಉಗುರುಗಳ ಬುಡವೂ ನೀಲಿ.

ಮರುದಿನ ಡಾಕ್ಟರು ಎಲ್ಲ ಕೇಳಿ ಕನ್ನಡಕ ತೆಗೆದಿಟ್ಟರು. "ಬೆಳ್ಳಿ ಚರ್ಮದೊಳಗೆ ಕೂತಿದೆ. ಬಿಸಿಲು ತಾಗಿ ಕಪ್ಪಾಗಿದೆ. ಫೋಟೋದವರು ನೀವು, ನಿಮಗೆ ನಾನು ಹೇಳಿಕೊಡಬೇಕಾ?"

ನಿತ್ಯಾನಂದರು ತಲೆ ತಗ್ಗಿಸಿದರು. ಬೆಳ್ಳಿ ಹಚ್ಚಿದ ಕಾಗದಕ್ಕೆ ಬೆಳಕು ತಾಗೀತೆಂದು ಹೆದರಿ ಕತ್ತಲೆ ಕೋಣೆಯಲ್ಲಿ ಕೆಂಪು ಬಲ್ಬಿನಡಿ ಅರ್ಧ ಆಯುಷ್ಯ ಕಳೆದವರು ಅವರು. ಆ ಬೆಳ್ಳಿಯನ್ನೇ ಕುಡಿದು ಬಿಸಿಲಿನಲ್ಲಿ ನಿಂತಿದ್ದರು.

"ಹೆಚ್ಚಿನ ಬೆಳ್ಳಿ ತೊಳೆಯಲಿಕ್ಕೆ ನಾವು ಕಾಗದವನ್ನು ಹೈಪೋದಲ್ಲಿ ಮುಳುಗಿಸ್ತೇವೆ, ಡಾಕ್ಟ್ರೆ. ಆ ತರದ್ದು ಏನೂ ಇಲ್ಲವಾ?"

"ಮನುಷ್ಯರಿಗೆ ಇಲ್ಲ. ಈ ಬಣ್ಣ ಇನ್ನು ಹೋಗುವುದು ಕಷ್ಟ. ಕುಡಿಯುವುದು ಇವತ್ತಿಗೇ ನಿಲ್ಲಬೇಕು. ಮಗುವಿಗೆ ಕೊಟ್ಟಿದ್ದೀರಾ?"

"ಇಲ್ಲ," ಎಂದರು ಕಾಂತಿಯಕ್ಕ. ಅಷ್ಟು ಹೊತ್ತು ನಿಂತೇ ಇದ್ದವರು ಆಗ ಕುರ್ಚಿಯಲ್ಲಿ ಕೂತರು.

ವಾಪಸು ಬರುವ ಬಸ್ಸಿನಲ್ಲಿ ಕಾಂತಿಯಕ್ಕ ಬೈಯಲಿಲ್ಲ. ನಿತ್ಯಾನಂದರಿಗೆ ಅದೇ ಹೆಚ್ಚು ಕಷ್ಟವಾಯಿತು. ಅಲಂಗಾರು ದಾಟಿದ ಮೇಲೆ ಒಂದೇ ಮಾತು ಹೇಳಿದರು: "ಕುಡಿಯಿರಿ ಎಂದವಳು ನಾನು. ನಾಲ್ಕು ದಿನಕ್ಕೆ ಬಿಡ್ತೀರಿ ಎಂದು ಎಣಿಸಿದ್ದೆ."

ಸಂಜೆ ಮಸ್ಕತ್‌ನಿಂದ ಫೋನು. "ಅಪ್ಪ, ಫೋಟೋ ಸಿಕ್ಕಿತು. ನೀವು ಎಷ್ಟು ಚಂದ ಕಾಣ್ತೀರಿ! ಆದರೆ ಅಮ್ಮನಿಗೂ ತೃಷಾಳಿಗೂ ಕಾಮಾಲೆಯಾ? ಒಂದನೇ ತಾರೀಕು ಕಾಯಬೇಡಿ, ಆ ನೀರು ಇಬ್ಬರಿಗೂ ಇವತ್ತೇ ಕೊಡಿ. ಅಮ್ಮ ಬೇಡ ಎಂದರೆ ಕೇಳಬೇಡಿ. ನಮಗೂ ಒಂದು ಕಿಟ್ ಕಳಿಸಿ."

ಕಾಂತಿಯಕ್ಕ ಫೋನಿಗೆ ಕೈ ಚಾಚಿದರು. ನಿತ್ಯಾನಂದರು ಕೊಡಲಿಲ್ಲ.

"ಅವರು ಸರಿ ಇದ್ದಾರೆ ಮಗಾ. ನೀಲಿ ಆದದ್ದು ನಾನು."

"ತಮಾಷೆ ಮಾಡಬೇಡಿ ಅಪ್ಪ. ಫೋಟೋದಲ್ಲಿ ಕಾಣ್ತಾ ಉಂಟಲ್ಲ?"

ಫೋನಿಟ್ಟು ನಿತ್ಯಾನಂದರು ಮಗಳಿಗೆ ಕಳಿಸಲು ಮೊದಲ ಪ್ರಿಂಟನ್ನು ಹುಡುಕಿ ತೆಗೆದರು. ಅಭ್ಯಾಸಬಲದಿಂದ ಬ್ರಷ್ಷಿನ ಕಡೆ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಫೋಟೋದ ಹಿಂಬದಿಗೆ ಕೆಂಪು ಶಾಯಿಯಲ್ಲಿ ಬರೆದರು: 'ಇದು ಸರಿಯಾದ ಪ್ರಿಂಟು. ಮಗುವಿಗೆ ಕೊಟ್ಟಿಲ್ಲ. ಅಮ್ಮ ಬಿಡಲಿಲ್ಲ.'