ಮೇಸ್ತ್ರಿಯ ಮುಂದೆ ಹೊತ್ತದ ದೀಪ

೧೯೭೧ರಲ್ಲಿ ನಾನು ಏಳನೇ ಇಯತ್ತೆ ಮುಗಿಸಿ ಶಾಲೆ ಬಿಟ್ಟೆ. ನಪಾಸಾಗಿ ಬಿಟ್ಟವನಲ್ಲ, ಯಾರೂ ಕೇಳುವ ಮೊದಲೇ ಇದನ್ನು ಹೇಳಿಬಿಡುವುದು ನನ್ನ ಅಭ್ಯಾಸ. ಅಪ್ಪನಿಗೆ ಸೊಂಟ ಹಿಡಿದುಕೊಂಡಿತು, ಎತ್ತಿನ ಗಾಡಿ ಹೊಡೆಯಲು ಜನ ಬೇಕಾಯಿತು, ನಾನು ಹೋಗಿ ಕೂತೆ. ಮುಂದಿನ ವರ್ಷ ನನ್ನ ಜೊತೆಯವರಿಗೆ ಶಾಲೆಯಲ್ಲಿ ವಿದ್ಯುತ್ತಿನ ಪಾಠ ಮಾಡಿದರಂತೆ. ಆ ಒಂದು ಪಾಠ ತಪ್ಪಿದ್ದರಿಂದ ನನಗೇನೂ ಕಡಿಮೆಯಾಗಿಲ್ಲ ಎಂದು ಇಪ್ಪತ್ತು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು. ಎತ್ತಿನ ಗಾಡಿಯಿಂದ ಲಾರಿಯ ಕ್ಲೀನರ್ ಆಗಿ, ಕ್ಲೀನರಿನಿಂದ ಡ್ರೈವರ್ ಆಗಿ, ಕೊನೆಗೆ ನನ್ನದೇ ಹೆಸರಿನಲ್ಲಿ ಒಂದು ಹಳೆಯ ಡೀಸೆಲ್ ಪಿಕಪ್ ತೆಗೆದುಕೊಂಡ ಮೇಲಂತೂ ಈ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಹೇಳತೊಡಗಿದೆ. ಮನೆಯ ಬಾಗಿಲ ತಿರುಗಣಿಯಿಂದ ಹಿಡಿದು ಬಾವಿಯ ರಾಟೆಯವರೆಗೆ ಎಲ್ಲವನ್ನೂ ನಾನೇ ರಿಪೇರಿ ಮಾಡುತ್ತೇನೆ. ನಾನು ರಿಪೇರಿ ಮಾಡಿದ ರಾಟೆ ಈಗಲೂ ಕಿರ್ರೆನ್ನುತ್ತದೆ ನಿಜ, ಆದರೆ ತಿರುಗುತ್ತದೆ.

ನನ್ನ ಗಾಡಿಯ ಕೆಲಸ ಮೀನಿನದು. ಬೆಳಕು ಹರಿಯುವಾಗ ಕಾರವಾರದ ಬಂದರಿನಲ್ಲಿ ಸುಶೀಲಕ್ಕನ ಬುಟ್ಟಿಗಳನ್ನು ಮಂಜುಗಡ್ಡೆ ಸಮೇತ ತುಂಬಿಕೊಂಡು, ಅಂಕೋಲೆಗೆ ಬಂದು, ಅಲ್ಲಿಂದ ಘಟ್ಟ ಹತ್ತಿ ಯಲ್ಲಾಪುರದ ಪೇಟೆಗೆ ಮುಟ್ಟಿಸಬೇಕು. ಸುಶೀಲಕ್ಕ ಬಂದರಿನಲ್ಲಿ ಮೀನು ಕೊಂಡು ಪೇಟೆಯಲ್ಲಿ ಮಾರುವ ಹೆಂಗಸು. ಗಾಡಿ ತುಂಬಿಸಿ, ತಾನು ಬಸ್ಸು ಹತ್ತಿ ಪೇಟೆಗೆ ಹೋಗುತ್ತಾಳೆ. ಗಾಡಿ ಹೊರಡುವ ಮೊದಲು ಅವಳು ತಪ್ಪದೆ ಕೊಡುವುದು ‘ಗಾಡಿ ಪಾಲು’. ದೋಣಿಗೆ ಹೇಗೆ ಒಂದು ಪಾಲೋ ಹಾಗೆ ಗಾಡಿಗೂ ಒಂದು ಪಾಲು. ಬೇಡ ಎನ್ನುವಂತಿಲ್ಲ; ಎಂದರೆ ಆ ದಿನದ ವ್ಯಾಪಾರಕ್ಕೇ ಕೆಡುಕೆಂದು ಅವಳ ಮುಖ ಬಾಡುತ್ತದೆ. ಸಿಕ್ಕಿದ್ದು ಸಣ್ಣ ತಾರ್ಲೆ ಮೀನಾದರೆ ಒಂದು ಮುಷ್ಟಿ, ಬಾಂಗಡೆಯಾದರೆ ಕಿವಿರಿಗೆ ತೆಂಗಿನ ನಾರು ಪೋಣಿಸಿದ ಒಂದು ಗೊಂಚಲು. ಹಿಂದೆ ಇಟ್ಟರೆ ಬುಟ್ಟಿಗಳ ಅಡಿಗೆ ಜಜ್ಜಿಹೋಗುತ್ತದೆ, ಸೀಟಿನ ಮೇಲಿಟ್ಟರೆ ನಾತ. ಅದಕ್ಕೇ ಡ್ಯಾಶ್‌ಬೋರ್ಡಿನ ತಗಡಿಗೆ ನಾನೇ ತೂತು ಕೊರೆದು, ಉದ್ದನೆಯ ಸ್ಕ್ರೂ ಇರುವ ಒಂದು ಹಿತ್ತಾಳೆಯ ಕೊಕ್ಕೆ ಹಾಕಿದ್ದೆ. ಪಾಲು ಅದರಲ್ಲಿ ತೂಗುತ್ತ ಅಂಕೋಲೆಗೆ ಬರುತ್ತದೆ. ಬಜಾರಿಗೆ ಹೋಗುವ ಮೊದಲು ಅಲ್ಲಿರುವ ನಮ್ಮ ಮನೆಯ ಮುಂದೆ ಹಾರ್ನ್ ಹೊಡೆದರೆ ಹೆಂಡತಿ ಮಂಗಲಾ ಬಂದು ಇಳಿಸಿಕೊಳ್ಳುತ್ತಾಳೆ. ಆ ಕೊಕ್ಕೆಯನ್ನು ನೋಡಿದ ಡ್ರೈವರುಗಳೆಲ್ಲ ಹೊಗಳಿದ್ದರು. ಇಬ್ಬರು ತಮ್ಮ ಗಾಡಿಗೂ ಹಾಕಿಕೊಡು ಎಂದಿದ್ದರು. ಪುಣ್ಯಕ್ಕೆ ನನಗೆ ಪುರುಸೊತ್ತಾಗಲಿಲ್ಲ.

ಇಷ್ಟರಲ್ಲಿ ಶುರುವಾಯಿತು ದೀಪದ ಕಾಟ. ಇಂಜಿನ್ನಿನಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಒಂದು ಸ್ವಿಚ್ಚಿದೆ. ಆಯಿಲಿನ ಒತ್ತಡ ಇಳಿದರೆ ಅದು ಒಂದು ವೈರಿನ ಮೂಲಕ ಡ್ರೈವರನ ಮುಂದಿನ ಕೆಂಪು ದೀಪಕ್ಕೆ ಸುದ್ದಿ ಮುಟ್ಟಿಸುತ್ತದೆ. ದೀಪದ ಮೇಲೆ ಗಿಂಡಿಯಂಥ ಒಂದು ಚಿತ್ರ. ಗಿಂಡಿ ಕೆಂಪಾದರೆ ಗಾಡಿಯನ್ನು ಅಲ್ಲೇ ನಿಲ್ಲಿಸಬೇಕು. ಇಲ್ಲದಿದ್ದರೆ ಇಂಜಿನ್ ಹಿಡಿದುಕೊಂಡು ಗಾಡಿಯೇ ಗುಜರಿ. ಒಂದು ದಿನ ಬೆಳಿಗ್ಗೆ ತೋಡೂರಿನ ತಿರುವಿನಲ್ಲಿ ಗಿಂಡಿ ಕೆಂಪಾಯಿತು. ನಿಲ್ಲಿಸಿದೆ, ಬಾನೆಟ್ ಎತ್ತಿದೆ, ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದೆ. ಆಯಿಲ್ ಸಮ ಇದೆ. ಹೊರಟೆ. ಮುಂದಿನ ಹಳ್ಳದಲ್ಲಿ ಗಾಡಿ ಕುಲುಕಿತು, ಗಿಂಡಿ ಮತ್ತೆ ಕೆಂಪು. ಹೀಗೆ ನಿಲ್ಲಿಸುತ್ತ, ಎತ್ತುತ್ತ, ಇಳಿಸುತ್ತ, ಬೈಯುತ್ತ ಅಂಕೋಲೆಗೆ ಬಂದು, ಮನೆಯಲ್ಲಿ ಮೀನು ಕೊಟ್ಟು, ನೇರ ವಾಮನ ಮೇಸ್ತ್ರಿಯ ಗ್ಯಾರೇಜಿಗೆ ಹೊಡೆದೆ. ಅಲ್ಲಿ ನೋಡಿದರೆ ದೀಪ ಹೊತ್ತುವ ಲಕ್ಷಣವೇ ಇಲ್ಲ! ಮೇಸ್ತ್ರಿ ಇಂಜಿನ್ನಿನ ವೇಗ ಏರಿಸಿದ, ಇಳಿಸಿದ, ಬಜಾರು ಸುತ್ತಿಸಿ ತಂದ. ಊಹೂಂ.

“ಎಲ್ಲದ್ಯೋ ನಿನ್ ದೀಪ?” ಎಂದ ಮೇಸ್ತ್ರಿ.

“ದಾರಿಲೆಲ್ಲಾ ಹೊತ್ತಿತ್ತು ಮಾರಾಯಾ, ದೇವ್ರಾಣೆ.”

“ನನ್ನ ಕಂಡ್ರೆ ನಾಚ್ಕೆ ಇರ್ಬೇಕು ಅದ್ಕೆ. ಹೊಸ ಮದುಮಗಳ ಹಾಗೆ.”

ಮರುದಿನವೂ ಇದೇ ಕಥೆ. ಅದರ ಮರುದಿನ ಸುಶೀಲಕ್ಕನಿಗೆ ತಾರ್ಲೆ ಮಾತ್ರ ಸಿಕ್ಕಿತ್ತು. ಅಂದು ದೀಪ ತಣ್ಣಗಿತ್ತು. ಸಮ ಆಯಿತೆಂದು ತೆಂಗಿನಕಾಯಿ ಒಡೆದೆ. ಮುಂದಿನ ವಾರ ಬಾಂಗಡೆ ಬಂತು, ದೀಪವೂ ಬಂತು. ಹುಬ್ಬಳ್ಳಿಯಿಂದ ಹೊಸ ಸ್ವಿಚ್ ತರಿಸಿ ಹಾಕಿಸಿದೆ. ಅದೂ ಹೊತ್ತಿಸಿತು. ಈ ಕಂಪನಿಯದ್ದು ಲಾಯಕ್ಕಿಲ್ಲ ಎಂದು ಬೇರೆಯದನ್ನು ಹಾಕಿಸಿದೆ, ಆಮೇಲೆ ಮತ್ತೊಂದನ್ನು. ಆಯಿಲ್ ಬದಲಾಯಿಸಿದ್ದಾಯಿತು. ಇಂಜಿನ್ನಿನ ಅಡಿಯ ಚೇಂಬರ್ ಇಳಿಸಿ ಪಂಪು ಬಿಚ್ಚಿ ನೋಡಿದ್ದಾಯಿತು. ನಾನು ಹೇಳಿಕೇಳಿ ಲೆಕ್ಕದಲ್ಲಿ ಗಟ್ಟಿ ಮನುಷ್ಯ, ತಲೆ ಓಡಿಸಿದೆ. ಮೀನು ಹೆಚ್ಚಿದ್ದ ದಿನ ದೀಪ, ಕಡಿಮೆಯಿದ್ದ ದಿನ ಇಲ್ಲ. ಹಾಗಾದರೆ ಲೋಡಿನ ಭಾರಕ್ಕೆ ಇಂಜಿನ್ ಸೋಲುತ್ತಿದೆ! ಮೇಸ್ತ್ರಿಯೂ ತಲೆದೂಗಿದ; ಅದೇ ಭಾರ ಹೊತ್ತು ಘಟ್ಟ ಹತ್ತುವಾಗ ದೀಪ ಏಕೆ ಹೊತ್ತುವುದಿಲ್ಲ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ನಾಲ್ಕು ಬುಟ್ಟಿ ಕಡಿಮೆ ತುಂಬಿಸಿ ಎಂದು ಸುಶೀಲಕ್ಕನಿಗೆ ಹೇಳಿದೆ. ಅವಳು ಮೂಗು ಮುರಿದಳು, ಆದರೆ ನಾಲ್ಕು ಬುಟ್ಟಿ ಇಳಿಸಿದಳು. ದೀಪ ಹೊತ್ತಿತು. ಭಾರ ಇರುವುದು ಹಿಂದೆ ಎಂದು ನಾನು ಲೆಕ್ಕ ಹಾಕಿದ್ದೆ.

ಮೇಸ್ತ್ರಿ ಕೊನೆಗೆ ಕೈಚೆಲ್ಲಿದ. “ಬಲ್ಬ್ ತೆಗ್ದು ಒಗೆ ನಾಗೇಶಾ. ದೀಪ ಇಲ್ದಿದ್ರೆ ತಂಟೆನೂ ಇಲ್ಲ.” ಹಾಗೆ ಬಲ್ಬ್ ತೆಗೆಸಿದ ಒಬ್ಬನ ಇಂಜಿನ್ ಘಟ್ಟದ ನಡುವೆ ಹಿಡಿದುಕೊಂಡದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಬೇಡ ಎಂದೆ. ನಿಲ್ಲಿಸುತ್ತಲೇ ಹೋದೆ. ಮಂಜುಗಡ್ಡೆಗೆ ನನ್ನ ಕಷ್ಟ ಅರ್ಥವಾಗಬೇಕಲ್ಲ, ಅದು ಕರಗುತ್ತಲೇ ಇತ್ತು. ನನಗಿಂತ ತಡವಾಗಿ ಹೊರಟ ಸುಶೀಲಕ್ಕನ ಬಸ್ಸು ನನ್ನನ್ನು ದಾಟಿ ಹೋಗುವುದು ದಿನದ ರೂಢಿಯಾಯಿತು. ಬಾನೆಟ್ಟಿನೊಳಗೆ ತಲೆ ಹಾಕಿ ನಿಂತ ನನ್ನನ್ನು ಅವಳು ಕಿಟಕಿಯಿಂದ ನೋಡುವಳು. ನಾನು ತಲೆಯನ್ನು ಇನ್ನೂ ಒಳಗೆ ಹಾಕುವೆ.

ಒಂದು ಬುಧವಾರ ಯಲ್ಲಾಪುರದ ಪೇಟೆಯಲ್ಲಿ ಅವಳು ನನ್ನನ್ನು ಬದಿಗೆ ಕರೆದಳು. “ತಮಾ, ನೀ ಒಳ್ಳೆ ಹುಡ್ಗ, ಖರೆ. ಆದ್ರೆ ನಿನ್ ದೀಪ ಆರೂ ತನಕ ಮೀನು ಕಾಯ್ತದ್ಯಾ? ನೋಡ್ ಇಲ್ಲಿ, ಕಣ್ಣು ಕೆಂಪಾಗಿದೆ.”

“ರಾತ್ರಿ ನಿದ್ದೆ ಇಲ್ಲ ಅಕ್ಕಾ.”

“ನಿಂದಲ್ಲವೋ, ಬಾಂಗ್ಡೆದು! ಆಯ್ತವಾರದ ಸಂತೆಗೆ ನೀ ನನ್ ಬಸ್ಸಿಗಿಂತ ಮುಂಚೆ ಮುಟ್ಬೇಕು. ಇಲ್ದಿದ್ರೆ ಸೋಮವಾರದಿಂದ ನಾ ಬೇರೆ ಗಾಡಿ ನೋಡ್ತೆ. ಸಿಟ್ಟು ಮಾಡ್ಬೇಡ.”

ಸಿಟ್ಟು ಮಾಡುವ ಹಾಗೂ ಇರಲಿಲ್ಲ. ನನ್ನ ಗಾಡಿಗೆ ಇದ್ದದ್ದು ಅದೊಂದೇ ಕಾಯಂ ಲೋಡು. ಅದಕ್ಕಿಂತ ಹೆಚ್ಚಾಗಿ, ‘ನಾಗೇಶನ ಗಾಡಿ ನಂಬುವಂಥದ್ದಲ್ಲ’ ಎಂಬ ಮಾತು ಬಂದರಿನಲ್ಲಿ ಒಮ್ಮೆ ಹುಟ್ಟಿದರೆ ಅದು ಸಾಯುವುದಿಲ್ಲ.

ಶನಿವಾರ ಮಂಗಲಾ ತವರಿಗೆ ಹೋಗಬೇಕಿತ್ತು. ಅವಳ ತವರು ಸುಂಕಸಾಳ, ಯಲ್ಲಾಪುರದ ದಾರಿಯಲ್ಲೇ. ಅದು ತಿಳಿದೋ, ಬುಧವಾರದ ಮಾತಿಗೆ ಮರುಗಿಯೋ, ಸುಶೀಲಕ್ಕ ಅಂದು ತೊಡೆಯಷ್ಟು ದಪ್ಪನೆಯ ಒಂದು ಇಸೋಣ ಮೀನನ್ನು ಪಾಲು ಕೊಟ್ಟು, “ಅತ್ತೆ ಮನೆಗೆ ಬರಿಗೈಲಿ ಹೋಗ್ಬೇಡ” ಎಂದಳು. ಬಂದರಿನಿಂದ ಹೊರಬೀಳುವಾಗಲೇ ಗಿಂಡಿ ಕೆಂಪಾಯಿತು. ಅಂಕೋಲೆಯವರೆಗೆ ಆರಲೇ ಇಲ್ಲ. ಮನೆಯ ಮುಂದೆ ಮಂಗಲಾ ಹೊಸ ಸೀರೆ ಉಟ್ಟು ಹತ್ತಿ ಕೂತಳು. ಮೀನು ಅವಳ ತವರಿಗೇ ಹೋಗಬೇಕಾದ್ದರಿಂದ ಇಳಿಸಲಿಲ್ಲ. ಹೊರಟೆವು. ಅಂಕೋಲೆ ದಾಟಿದ ಮೇಲೂ ದೀಪ ಉರಿಯುತ್ತಿರುವುದನ್ನು ಅಂದೇ ನಾನು ಮೊದಲ ಸಲ ಕಂಡದ್ದು. ಮುಗಿಯಿತು, ಈಗ ಇಂಜಿನ್ ನಿಜವಾಗಿಯೂ ಹೋಯಿತು ಎಂದುಕೊಂಡೆ. ಗಾಡಿ ನಿಲ್ಲಿಸಿ ಸ್ಟೇರಿಂಗಿನ ಮೇಲೆ ತಲೆಯಿಟ್ಟೆ.

“ಹೀಗೆ ಕೂತ್ರೆ ಆಯ್ತಾ? ಈ ಮೀನಿನ ನೀರೆಲ್ಲಾ ನನ್ನ ಸೀರೆ ಮೇಲೇ ಬೀಳ್ತದೆ” ಎಂದು ಮಂಗಲಾ ಸಿಡಿಮಿಡಿಗುಟ್ಟಿದಳು. ಎರಡೂ ಕೈಯಲ್ಲಿ ಇಸೋಣವನ್ನು ಎತ್ತಿ ಕೊಕ್ಕೆಯಿಂದ ಬಿಡಿಸಿದಳು. “ಅಲ್ಲಾ, ನಿಮ್ಮ ಗಿಂಡಿ ಆರಿಹೋಯ್ತಲ್ಲಾ?”

ತಲೆ ಎತ್ತಿದೆ. ಆರಿತ್ತು. “ಮತ್ತೆ ಹಾಕು” ಎಂದೆ. ಹಾಕಿದಳು. ಹೊತ್ತಿತು. “ತೆಗಿ.” ಆರಿತು. ನಾನು ಇನ್ನೊಮ್ಮೆ “ಹಾಕು” ಎನ್ನುವಷ್ಟರಲ್ಲಿ ಅವಳು, “ಸಾಕು, ಕೈ ನೋಯ್ತದೆ. ಆ ಕೊಕ್ಕೆ ಹಿಂದೆ ಎಂತದಿದೆ ನೋಡಿ” ಎಂದಳು.

ಡ್ಯಾಶ್‌ಬೋರ್ಡಿನ ಅಡಿಗೆ ಕೈ ಹಾಕಿದೆ. ನನ್ನ ಕೊಕ್ಕೆಯ ಉದ್ದನೆಯ ಸ್ಕ್ರೂ ತಗಡನ್ನು ದಾಟಿ, ಹಿಂದೆ ಹೋಗುವ ಆ ದೀಪದ ವೈರಿಗೇ ತಾಗಿ, ಅದರ ಮೈ ಸುಲಿದಿತ್ತು. ಮುಷ್ಟಿ ತಾರ್ಲೆಗೆ ಕೊಕ್ಕೆ ಜಗ್ಗುತ್ತಿರಲಿಲ್ಲ. ಬಾಂಗಡೆಯ ಗೊಂಚಲಿಗೆ ಬಾಗುತ್ತಿತ್ತು, ತುದಿ ಒಳಗಿನ ತಾಮ್ರಕ್ಕೆ ಒತ್ತಿ ಅದನ್ನು ಗಾಡಿಯ ತಗಡಿಗೆ ಕೂಡಿಸುತ್ತಿತ್ತು, ಸ್ವಿಚ್ಚು ಮಾಡುವ ಕೆಲಸವನ್ನು ಕೊಕ್ಕೆಯೇ ಮಾಡಿ ಗಿಂಡಿ ಕೆಂಪಾಗುತ್ತಿತ್ತು. ಮೇಸ್ತ್ರಿಯ ಮುಂದೆ ದೀಪಕ್ಕೆ ನಾಚಿಕೆಯಾಗಿದ್ದಲ್ಲ. ಅಲ್ಲಿಗೆ ಹೋಗುವ ಮೊದಲು ಮೀನು ನನ್ನ ಅಡಿಗೆಮನೆ ಸೇರಿರುತ್ತಿತ್ತು. ಅಷ್ಟು ದಿನ ಬಾನೆಟ್ ಎತ್ತಿ ಎತ್ತಿ ಹುಡುಕಿದ್ದು ನನ್ನ ಮೊಣಕಾಲಿನ ಪಕ್ಕದಲ್ಲೇ ತೂಗಾಡುತ್ತಿತ್ತು, ಬಾಯಿ ತೆರೆದುಕೊಂಡು.

ಕೊಕ್ಕೆ ಕಿತ್ತೆ, ವೈರಿಗೆ ಟೇಪು ಸುತ್ತಿದೆ. ಆಯಿತವಾರ ಯಲ್ಲಾಪುರದಲ್ಲಿ ಬುಟ್ಟಿಗಳನ್ನೆಲ್ಲ ಇಳಿಸಿ, ಕೈಕಾಲು ತೊಳೆದು, ಚಾ ಕುಡಿದು ನಿಂತಿದ್ದಾಗ ಸುಶೀಲಕ್ಕನ ಬಸ್ಸು ಬಂತು. ಇಳಿದವಳೇ ಕಣ್ಣರಳಿಸಿ, “ಅರೇ! ಯಾವ ಮೇಸ್ತ್ರಿ ಸಮ ಮಾಡ್ದ ತಮಾ?” ಎಂದಳು.

“ನಾನೇ” ಎಂದೆ. ಸುಳ್ಳೇನಲ್ಲವಲ್ಲ. ಕೆಡಿಸಿದ್ದು ಯಾರು ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ವಾಮನ ಮೇಸ್ತ್ರಿಗೆ ಮಾತ್ರ, ದೀಪ ತನ್ನಷ್ಟಕ್ಕೆ ಸುಮ್ಮನಾಯಿತು ಎಂದಿದ್ದೇನೆ. ಅವನು, ಮೂರನೇ ಸ್ವಿಚ್ ಒಳ್ಳೆಯದಿತ್ತು ನೋಡು ಎಂದು ಎದೆಯುಬ್ಬಿಸಿಕೊಂಡಿದ್ದಾನೆ. ಇರಲಿ.

ಆದರೆ ಮನೆಯಲ್ಲಿ ಬಚಾವಿಲ್ಲ. ರೇಡಿಯೋ ಗೊರಗೊರ ಎಂದರೂ, ಬಾವಿಯ ರಾಟೆ ಕಿರ್ರೆಂದರೂ ಮಂಗಲಾ ಒಳಗಿಂದಲೇ ಕೇಳುತ್ತಾಳೆ: “ನೀವು ಅದಕ್ಕೆ ಎಂತದು ನೇತು ಹಾಕಿದ್ರಿ?” ಹೀಗಾಗಿ ಈಗ ನನ್ನ ಹತ್ತಿರ ಇರುವುದಿಷ್ಟು: ಓಡುವ ಪಿಕಪ್ ಒಂದು, ಕಾಯಂ ಲೋಡು ಒಂದು, ಕೆಡದೆಯೇ ಬಿಚ್ಚಿಸಿದ ಆಯಿಲ್ ಸ್ವಿಚ್ಚು ಮೂರು, ಹಿತ್ತಾಳೆಯ ಕೊಕ್ಕೆ ಒಂದು, ಡ್ಯಾಶ್‌ಬೋರ್ಡಿನಲ್ಲಿ ತೂತು ಒಂದು, ಮತ್ತು ಎಂಟನೇ ಇಯತ್ತೆ ಓದುತ್ತಿರುವ ಮಗಳು ಒಬ್ಬಳು. ವಿದ್ಯುತ್ತಿನ ಪಾಠ ಬಂದ ದಿನ ಪುಸ್ತಕವನ್ನು ಒಂದು ರಾತ್ರಿಯ ಮಟ್ಟಿಗೆ ನನಗೆ ಕೊಡು ಎಂದು ಅವಳಿಗೆ ಹೇಳಿಟ್ಟಿದ್ದೇನೆ.