ಐವತ್ತೆರಡು ಪೌಂಡಿನ ಉಪಕಾರ

ಮಿಲೋ ಹಾವ್ರಾನೆಕ್ ಮೇಷ್ಟ್ರು ನಲವತ್ತಾರು ವರ್ಷದ ಬಾಳಿನಲ್ಲಿ ಒಂದೇ ಒಂದು ಸುಳ್ಳು ಬರೆದರು. ಅದೂ ಸ್ವಂತಕ್ಕಲ್ಲ, ಅತ್ತೆಯ ಮಾತು ತೆಗೆದುಹಾಕಲಾರದೆ.

ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಅಮೆರಿಕದ ಫುಟ್‌ಬಾಲ್ ಪಂದ್ಯಕ್ಕೆ ಬರುವ ಜನರಿಗೆ ಹಂಚುವ ಹಾಳೆಯಲ್ಲಿ ಪ್ರತಿ ಹುಡುಗನ ಹೆಸರಿನ ಮುಂದೆ ಅವನ ಎತ್ತರ, ತೂಕ ಅಚ್ಚಾಗಿರುತ್ತದೆ. ವಿಲೋ ಬೆಂಡ್ ಊರಿನಲ್ಲಾಗಲಿ, ನೆಬ್ರಾಸ್ಕಾದ ಆ ಮೂಲೆಯ ಇನ್ಯಾವ ಊರಿನಲ್ಲಾಗಲಿ, ಆ ತೂಕ ನಿಜವೆಂದು ಯಾರೂ ನಂಬುವುದಿಲ್ಲ. ಹತ್ತು ಪೌಂಡು ಸೇರಿಸುವುದು ಮರ್ಯಾದೆ, ಹದಿನೈದು ಸೇರಿಸುವುದು ಅಭಿಮಾನ. ಎದುರಾಳಿ ಊರಿನವರು ಓದಿ ಹೆದರಲಿ ಎಂದು ಎಲ್ಲರೂ ಸೇರಿಸುತ್ತಾರೆ, ಎಲ್ಲರೂ ಸೇರಿಸುತ್ತಾರೆಂದು ಗೊತ್ತಿರುವುದರಿಂದ ಯಾರೂ ಹೆದರುವುದಿಲ್ಲ. ಆದರೆ ಈ ಸಲ ಮೇಷ್ಟ್ರು ಹೆಂಡತಿಯ ಅಣ್ಣನ ಮಗ ಟ್ರೆಂಟ್‌ನ ಹೆಸರಿನ ಮುಂದೆ ಇನ್ನೂರ ಮೂವತ್ತು ಎಂದು ಬರೆದಿದ್ದರು. ಹುಡುಗನ ನಿಜವಾದ ತೂಕ ನೂರ ಎಪ್ಪತ್ತೆಂಟು.

ಇದಕ್ಕೆ ಕಾರಣ ಇತ್ತು. ಮೇಷ್ಟ್ರು ವಾರವೆಲ್ಲ ಮಕ್ಕಳಿಗೆ ಕಾರು ಓಡಿಸಲು ಕಲಿಸುತ್ತಿದ್ದರು, ಅಂದರೆ ಜೀವ ಕೈಯಲ್ಲಿ ಹಿಡಿದು ಪಕ್ಕದ ಸೀಟಿನಲ್ಲಿ ಕೂತಿರುತ್ತಿದ್ದರು. ಅವರಿಗೆ ನಿಜವಾಗಿ ಸಂತೋಷ ಕೊಡುತ್ತಿದ್ದದ್ದು ಸಂಜೆಯ ಎರಡು ಗಂಟೆ. ಶಾಲೆಯ ತಂಡದ ಕಾವಲು ಸಾಲಿನ ನಾಲ್ವರನ್ನು ತಯಾರು ಮಾಡುವುದು ಅವರ ಪಾಲಿಗಿತ್ತು. ಎದುರಾಳಿಗಳ ಗೋಡೆ ಒಡೆದು, ಅದರ ಹಿಂದೆ ಚೆಂಡು ಹಿಡಿದು ನಿಂತವನನ್ನು ನೆಲಕ್ಕೆ ಕೆಡವುವುದು ಆ ನಾಲ್ವರ ಕೆಲಸ. ಹನ್ನೊಂದು ವರ್ಷದಿಂದ ಮೇಷ್ಟ್ರು ಆ ಸಾಲನ್ನು ಹೆತ್ತ ಮಕ್ಕಳಂತೆ ಸಾಕಿದ್ದರು. ಮುಂದಿನ ವರ್ಷವೂ ಅದು ಅವರ ಕೈಯಲ್ಲಿ ಇರಬೇಕೋ ಬೇಡವೋ ಎಂದು ಸೋಮವಾರ ಶಾಲೆಯ ಮಂಡಳಿ ತೀರ್ಮಾನಿಸಲಿತ್ತು.

ಹೀಗಿರುವಾಗ ಸಾಲಿನ ಒಬ್ಬ ಹುಡುಗ ಕುದುರೆಯಿಂದ ಬಿದ್ದು ಭುಜ ಮುರಿದುಕೊಂಡ. ಆ ಜಾಗಕ್ಕೆ ಇಬ್ಬರು ನಿಂತರು. ಒಬ್ಬ ಕರ್ಟ್, ಬಾಗಿಲಲ್ಲಿ ನಿಂತರೆ ಬೆಳಕು ಬಾರದಷ್ಟು ದೊಡ್ಡವನು. ಅವನ ಅಪ್ಪ ಗಸ್ ಡೆಟ್ಮರ್ ಊರಿನ ಧಾನ್ಯದ ಗೋದಾಮಿನ ಯಜಮಾನರು ಮತ್ತು ಶಾಲೆಯ ಮಂಡಳಿಯ ಅಧ್ಯಕ್ಷರು. ಇನ್ನೊಬ್ಬ ಟ್ರೆಂಟ್, ಮೊಲದಂತೆ ಓಡುವವನು. ಅವನ ಅಜ್ಜಿ ಅಡೆಲಮ್ಮ ಮೇಷ್ಟ್ರ ಅತ್ತೆ, ಮತ್ತು ಮೇಷ್ಟ್ರ ಮನೆಯ ಮಹಡಿಯಲ್ಲೇ ವಾಸ. ಅತ್ತ ದರಿ, ಇತ್ತ ಪುಲಿ.

"ವೇಗ ಹೇಗೂ ನಮ್ಮ ಹುಡುಗನಲ್ಲಿದೆ ಅಳಿಯಂದ್ರೇ," ಎಂದು ಗುರುವಾರ ಅಡೆಲಮ್ಮ ಹೇಳಿದ್ದರು. "ಇಲ್ಲದೇ ಇರೋದು ತೂಕ ಒಂದೇ. ಅದನ್ನ ನೀವು ಬರೀರಿ. ಬರೆಯೋಕೆ ಎಷ್ಟು ಶಾಯಿ ಖರ್ಚಾಗುತ್ತೆ?"

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಮೇಷ್ಟ್ರು ಕಾಫಿಗೆಂದು ಮುಖ್ಯ ಬೀದಿಯ ಹೋಟೆಲಿಗೆ ಹೋದಾಗ, ಗಸ್ ಆ ಹಾಳೆಯನ್ನು ಮೇಜಿನ ಮೇಲೆ ಹರಡಿಕೊಂಡು, ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ಓದುತ್ತಿದ್ದರು.

"ಮೇಷ್ಟ್ರೇ, ಇನ್ನೂರ ಮೂವತ್ತಾ? ಈ ಟ್ರೆಂಟಾ? ಮೊನ್ನೆ ಗಾಳಿಗೆ ಟೋಪಿ ಹಾರ್ತು, ಹಿಂದೇನೇ ಇವನೂ ಹಾರ್ತಾನೇನೋ ಅಂತ ನಾನು ಕಂಬ ಹಿಡ್ಕೊಳೋ ಅಂತ ಕೂಗಿದ್ದೆ."

ಮೇಷ್ಟ್ರು ಹಾಳೆಯತ್ತ ನೋಡದೆ ಕಾಫಿಗೆ ಹೇಳಿದರು. "ಬೆಳೆಯೋ ಹುಡುಗ ಅಲ್ವೇ ಗಸ್..."

"ಒಂದು ವಾರದಲ್ಲಿ ಐವತ್ತು ಪೌಂಡಾ? ನಮ್ಮನೆ ಹಂದಿಗಳೂ ಹಾಗೆ ಬೆಳೆಯಲ್ಲ."

ಅದೇ ಹೊತ್ತಿಗೆ ಅಡೆಲಮ್ಮ ಹೋಟೆಲಿಗೆ ದಿನವೂ ಒದಗಿಸುವ ಗಸಗಸೆ ಹೂರಣದ ಕೊಲಾಚಿ ಬನ್ನುಗಳ ತಟ್ಟೆ ಹಿಡಿದು ಒಳಗೆ ಬಂದರು. "ಯಾರದು ನನ್ನ ಮೊಮ್ಮಗನ್ನ ಹಂದಿಗೆ ಹೋಲಿಸ್ತಿರೋದು? ನಿಮ್ಮ ಕರ್ಟ್‌ಗೆ ಇನ್ನೂರ ಅರವತ್ತು ಅಂತ ಬರೆದಿದೆಯಲ್ಲ, ಅದ್ರಲ್ಲಿ ಅವನೆಷ್ಟು, ಅವನು ತಿಂದಿರೋದೆಷ್ಟು?"

"ಕಾವಲು ಸಾಲಿಗೆ ಗಾತ್ರ ಬೇಕಮ್ಮ! ಗೋಡೆ ಬೀಳಿಸೋಕೆ ಗುಂಡುಕಲ್ಲು ಬೇಕು, ಗುಬ್ಬಚ್ಚಿ ಅಲ್ಲ!"

"ಗುಂಡುಕಲ್ಲು ಅಲ್ಲಿಗೆ ಹೋಗಿ ಮುಟ್ಟೋ ಹೊತ್ತಿಗೆ ಚೆಂಡು ಪಕ್ಕದ ಊರಲ್ಲಿರುತ್ತೆ!"

ಇಪ್ಪತ್ತೆರಡು ವರ್ಷದ ಹಿಂದೆ ಚರ್ಚಿನ ಊಟದಲ್ಲಿ ಯಾರ ಆಲೂಗಡ್ಡೆ ಮೊದಲು ಖಾಲಿಯಾಯಿತು ಎಂಬ ವಿಷಯಕ್ಕೆ ಈ ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು. ಇಂದು ಮಾತು ಬಂತು, ಅದು ಈ ರೀತಿ. ಹೋಟೆಲೆಲ್ಲ ಎರಡು ಪಕ್ಷವಾಯಿತು. ಕೊನೆಗೆ ನಿವೃತ್ತ ಪೋಸ್ಟ್‌ಮ್ಯಾನ್ ಫ್ಲಾಯ್ಡ್, ಯಾರಿಗೂ ಬೇಡದ ಸಲಹೆಗಳನ್ನು ಮನೆಮನೆಗೆ ತಲುಪಿಸುವುದನ್ನು ಇನ್ನೂ ಬಿಡದವನು, ಎದ್ದು ನಿಂತ.

"ಇಷ್ಟಕ್ಕೆ ಯಾಕೆ ಜಗಳ? ಗೋದಾಮಿನಲ್ಲಿ ಲಾರಿ ತೂಗೋ ವೇಬ್ರಿಡ್ಜ್ ಇಲ್ವಾ? ಮಧ್ಯಾಹ್ನ ಊಟದ ಬಿಡುವಲ್ಲಿ ಇಬ್ಬರನ್ನೂ ಹತ್ತಿಸೋಣ. ಮೇಷ್ಟ್ರು ಬರೆದಿದ್ದು ನಿಜವೋ ಸುಳ್ಳೋ, ಗೊತ್ತಾಗಿಹೋಗುತ್ತೆ."

ಮೇಷ್ಟ್ರು ಎದ್ದರು. ಕಾಫಿಯನ್ನು ಅಲ್ಲೇ ಬಿಟ್ಟು ನೇರ ಮುಖ್ಯ ಕೋಚ್ ವರ್ನ್ ಬಳಿಗೆ ಓಡಿದರು. ವರ್ನ್ ಮೈದಾನದ ದೀಪದ ಕಂಬದ ಕೆಳಗೆ ನಿಂತಿದ್ದರು. ದೀಪದ ಟ್ರಾನ್ಸ್‌ಫಾರ್ಮರ್ ಸುಟ್ಟು, ಅಂದಿನ ಪಂದ್ಯ ಮಧ್ಯಾಹ್ನ ನಾಲ್ಕಕ್ಕೇ ನಡೆಯಬೇಕಿತ್ತು.

"ಕೋಚ್, ನೀವೇ ಒಬ್ಬನ್ನ ಆರಿಸಿಬಿಡಿ," ಎಂದು ಮೇಷ್ಟ್ರು ಬೇಡಿಕೊಂಡರು. "ಗಾತ್ರ ಅಂದ್ರೆ ಗಾತ್ರ, ವೇಗ ಅಂದ್ರೆ ವೇಗ."

"ಸಾಲು ನಿನ್ನದು ಮಿಲೋ. ಮೂರು ಗಂಟೆಗೆ ಹೆಸರು ಕೊಡು," ಎಂದು ವರ್ನ್ ಮತ್ತೆ ಕಂಬ ನೋಡತೊಡಗಿದರು. ನಲವತ್ತು ವರ್ಷ ಒಂದೇ ಊರಿನಲ್ಲಿ ಕೋಚ್ ಆಗಿ ಉಳಿದದ್ದು ಸುಮ್ಮನೆ ಅಲ್ಲ.

ಮೇಷ್ಟ್ರು ಮನೆಗೆ ಹೋಗಿ ಅತ್ತೆಯ ಮುಂದೆ ನಿಂತರು. "ಅಮ್ಮಾ, ನಿಜ ಹೇಳಿಬಿಡ್ತೀನಿ. ಅಚ್ಚಿನ ತಪ್ಪು ಅಂತೀನಿ."

"ಹೇಳಿ, ಹೇಳಿ. ಆಮೇಲೆ ಈ ಮನೇಲಿ ಊಟ ಯಾರು ಹಾಕ್ತಾರೆ ನೋಡ್ತೀನಿ." ಅಡೆಲಮ್ಮ ಹಲ್ಲಲ್ಲಿ ದಾರ ಕಡಿಯುತ್ತ ಹೇಳಿದರು. ಅವರ ತೊಡೆಯ ಮೇಲೆ ತೀರಿಹೋದ ಗಂಡನ ಬೇಟೆಯ ಕೋಟು ಇತ್ತು. ಅದರ ಒಳ ಅಸ್ತರಿಗೆ ಅವರು ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಒಂದೊಂದಾಗಿ ಹೊಲಿಯುತ್ತಿದ್ದರು. ಮೇಷ್ಟ್ರ ಹೆಂಡತಿ ಡಾರ್ಲೀನ್ ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು.

"ಡಾರ್ಲೀನ್, ನೀನೂನಾ?"

"ಸುಮ್ನಿರು ಮಿಲೋ. ಅಮ್ಮನ ಬಿಪಿ ಏರುತ್ತೆ."

ಹನ್ನೆರಡು ಗಂಟೆಗೆ ವೇಬ್ರಿಡ್ಜ್ ಸುತ್ತ ಅರ್ಧ ಊರು ನೆರೆದಿತ್ತು. ಜೋಳ ತುಂಬಿದ ಎರಡು ಲಾರಿಗಳನ್ನು ಪಕ್ಕಕ್ಕೆ ನಿಲ್ಲಿಸಿದ್ದರು. ಬಿಸಿಲು ನೆತ್ತಿ ಸುಡುತ್ತಿತ್ತು. ಟ್ರೆಂಟ್ ಮೊಣಕಾಲಿನವರೆಗಿನ ಉಣ್ಣೆಯ ಕೋಟು ಹಾಕಿಕೊಂಡು, ನೆಲ ಬಿರಿಯುವಂತೆ ಹೆಜ್ಜೆ ಇಡುತ್ತ ಬಂದ.

"ಏನೋ ಕೋಟು?" ಎಂದ ಫ್ಲಾಯ್ಡ್.

"ಚಳಿ," ಎಂದ ಟ್ರೆಂಟ್. ಹಣೆಯಿಂದ ಬೆವರು ಗಲ್ಲಕ್ಕೆ ಇಳಿದು ತೊಟ್ಟಿಕ್ಕುತ್ತಿತ್ತು.

ಲಾರಿಯ ತಕ್ಕಡಿಗೆ ಮನುಷ್ಯರ ಸೂಕ್ಷ್ಮ ತಿಳಿಯುವುದಿಲ್ಲ. ಇಪ್ಪತ್ತಿಪ್ಪತ್ತು ಪೌಂಡಿನ ಲೆಕ್ಕದಲ್ಲೇ ಅದು ಮಾತಾಡುವುದು. ಟ್ರೆಂಟ್ ಹತ್ತಿದ. ಇನ್ನೂರ ಇಪ್ಪತ್ತು! ಅಡೆಲಮ್ಮ ಸುತ್ತ ಒಮ್ಮೆ ನೋಡಿ ಸೆರಗಿಲ್ಲದಿದ್ದರೂ ಸೆರಗು ಸರಿಪಡಿಸಿಕೊಂಡವರ ಹಾಗೆ ಭುಜ ಕುಣಿಸಿದರು. ಆಮೇಲೆ ಕರ್ಟ್ ಹತ್ತಿದ. ಮುಖ ಬಾಡಿಹೋಗಿತ್ತು, ತುಟಿ ಒಣಗಿತ್ತು. ಮುಳ್ಳು ಏರಿ, ನಡುಗಿ, ನಿಂತಿತು. ಅದೂ ಇನ್ನೂರ ಇಪ್ಪತ್ತು.

ಜನ ಗುಸುಗುಸು ಎಂದರು. ಆದರೆ ಗಸ್ ಕಿಂಚಿತ್ತೂ ಪೆಚ್ಚಾಗಲಿಲ್ಲ.

"ಅವನು ನಿನ್ನೆ ಮಧ್ಯಾಹ್ನದಿಂದ ಏನೂ ತಿಂದಿಲ್ಲ. ಬೆಳಿಗ್ಗೆ ರಬ್ಬರ್ ಅಂಗಿ ಹಾಕಿಸಿ ಗೋದಾಮಿನ ಸುತ್ತ ಮೂವತ್ತು ಸುತ್ತು ಓಡಿಸಿದ್ದೀನಿ. ಗಾತ್ರ ನಮ್ಮಲ್ಲಿ ಹೇಗೂ ಇದೆ. ಇಲ್ಲ ಅಂತ ನಿನ್ನೆಯಿಂದ ಊರೆಲ್ಲ ಹೇಳ್ತಿತ್ತಲ್ಲ, ಆ ವೇಗ ತೋರಿಸ್ತೀನಿ ಈಗ. ಇಲ್ಲಿಂದ ರೈಲ್ವೆ ಗೇಟಿನವರೆಗೆ ಓಡಲಿ ಇಬ್ಬರೂ!"

ಮೇಷ್ಟ್ರು ಅತ್ತೆಯ ಮುಖ ನೋಡಿದರು. ಅತ್ತೆ ಮೊಮ್ಮಗನ ಕೋಟು ನೋಡಿದರು. "ಓಡ್ತಾನೆ," ಎಂದರು ಸಣ್ಣ ದನಿಯಲ್ಲಿ.

"ಕೋಟು ತೆಗೆಯೋ," ಎಂದಿತು ಜನ.

"ಚಳಿ," ಎಂದ ಟ್ರೆಂಟ್, ಅಳುವ ದನಿಯಲ್ಲಿ.

ಓಟವನ್ನು ಓಟವೆನ್ನಲು ಬಾರದು. ಟ್ರೆಂಟ್ ಕೆಸರಿನಲ್ಲಿ ಸಿಕ್ಕ ಎತ್ತಿನಂತೆ ಹೆಜ್ಜೆ ಕೀಳುತ್ತ ಹೋದ. ಕರ್ಟ್ ಹಸಿವಿನಲ್ಲಿ ಓಲಾಡುತ್ತ ಹೋದರೂ, ಗೇಟಿನ ಆಚೆಗೆ ಅವನ ತಾಯಿ ಹಿಡಿದು ನಿಂತಿದ್ದ ಸಾಸೇಜಿನ ಬುಟ್ಟಿ ಕಂಡದ್ದೇ ಬಾಣದಂತೆ ನುಗ್ಗಿದ. ಹತ್ತು ಗಜದಿಂದ ಗೆದ್ದ.

ಮರುಕ್ಷಣವೇ ಊರಿನ ಸಿದ್ಧಾಂತಗಳು ಮನೆ ಬದಲಾಯಿಸಿದವು.

"ನೋಡಿದ್ರಾ! ಕಾವಲು ಸಾಲಿಗೆ ಬೇಕಾಗಿರೋದೇ ವೇಗ!" ಎಂದು ಗಸ್ ಮೇಷ್ಟ್ರ ಬಲ ತೋಳು ಹಿಡಿದರು. "ನಾನು ಯಾವತ್ತೂ ಹೇಳ್ತಿದ್ದೆ. ಸೋಮವಾರ ಸಭೆ ಇದೆ, ನೆನಪಿರಲಿ."

"ವೇಗಕ್ಕೇನು, ನಾಯಿನೂ ಓಡುತ್ತೆ!" ಎಂದು ಅಡೆಲಮ್ಮ ಎಡ ತೋಳು ಹಿಡಿದರು. "ಆಳು ಗಟ್ಟಿ ಇರಬೇಕು. ನಮ್ಮ ಹುಡುಗನ ಹೆಜ್ಜೆ ಬಿದ್ರೆ ಭೂಮಿ ನಡುಗ್ತಿತ್ತು, ಕೇಳಿಸ್ಲಿಲ್ವಾ ಅಳಿಯಂದ್ರೇ? ರಾತ್ರಿ ಊಟ ಮನೇಲೇ ತಾನೇ?"

ಎರಡೂವರೆಗೆ ಮೇಷ್ಟ್ರು ಶಾಲೆಯ ಮೆಟ್ಟಿಲ ಮೇಲೆ ಕೂತು ಒಂದು ಚೀಟಿಯಲ್ಲಿ ಕರ್ಟ್ ಎಂದು ಬರೆದು ಹೊಡೆದುಹಾಕಿದರು. ಟ್ರೆಂಟ್ ಎಂದು ಬರೆದು ಹೊಡೆದುಹಾಕಿದರು. ಅವರಿಗೆ ಅಳು ಬಂದಂತಾಯಿತು. ಹನ್ನೊಂದು ವರ್ಷದಲ್ಲಿ ಹುಡುಗರಿಗೆ ಅವರು ಗಾತ್ರ ಬೆಳೆಸಿ ಎಂದಿರಲಿಲ್ಲ, ವೇಗ ಬೆಳೆಸಿ ಎಂದೂ ಇರಲಿಲ್ಲ. "ಚೆಂಡು ನೋಡಿ, ಚೆಂಡು ಅಲುಗಿದಾಗ ಅಲುಗಿ," ಎಂಬ ಒಂದೇ ಮಾತು ಹೇಳಿದ್ದರು. ಅದನ್ನು ಈ ಊರಿನಲ್ಲಿ ಯಾರೂ ಕೇಳಿಸಿಕೊಂಡಂತಿರಲಿಲ್ಲ.

ಆಗ ಫ್ಲಾಯ್ಡ್ ಓಡೋಡಿ ಬಂದ. "ಮೇಷ್ಟ್ರೇ, ನಿಮ್ಮ ಕಷ್ಟ ಪರಿಹಾರ ಆಯ್ತು! ಟ್ರೆಂಟ್‌ಗೆ ತೊಡೆ ಸೆಳೆತ, ಕಾಲು ಊರೋಕೆ ಆಗ್ತಿಲ್ಲ. ಕರ್ಟ್ ಹಸಿದ ಹೊಟ್ಟೆಗೆ ಹದಿನಾಲ್ಕು ಸಾಸೇಜ್, ಒಂದು ಇಡೀ ಪೈ ತಿಂದು ಹುಲ್ಲಿನ ಬಣವೆ ಹಿಂದೆ ಮಲಗಿಬಿಟ್ಟಿದ್ದಾನೆ. ಏಳಲ್ಲ ಅಂತಾನೆ."

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದ ಹಾಗೆ ಆಯಿತು. ಇನ್ನು ಉಳಿದಿದ್ದವನು ಎಲ್ಡನ್ ಒಬ್ಬನೇ. ಅವನು ದೊಡ್ಡವನಲ್ಲ, ಊಟದ ಗಂಟೆ ಹೊಡೆದರೂ ಕೊನೆಗೇ ಬರುವವನು. ಶಾಲೆಯ ಬ್ಯಾಂಡಿನಲ್ಲಿ ತಾಳ ಬಾರಿಸುತ್ತ, ಎಲ್ಲಕ್ಕಿಂತ ದಪ್ಪನೆಯ ತುತ್ತೂರಿ ಊದುವವರ ಪಕ್ಕ ನಿಂತು ನಿಂತು ಅವನ ಕಿವಿ ಸ್ವಲ್ಪ ಮಂದವಾಗಿತ್ತು. ತಂಡದಲ್ಲಿ ಅವನಿದ್ದದ್ದು ಹಾಳೆಯಲ್ಲಿ ಸಾಲು ತುಂಬಲೆಂದು. ಮೇಷ್ಟ್ರು ಕಣ್ಣು ಮುಚ್ಚಿ ಅವನ ಹೆಸರು ಬರೆದು ಕೊಟ್ಟರು.

ಪಂದ್ಯ ಶುರುವಾಯಿತು. ಎದುರಾಳಿಗಳ ನಾಯಕ ಜಾಣ. ಚೆಂಡು ಚಲಿಸುವ ಮುಂಚೆ ಗಂಟಲು ಹರಿಯುವಂತೆ ಏನೇನೋ ಕೂಗಿ ಕಾವಲು ಹುಡುಗರನ್ನು ಚೆಂಡಿಗಿಂತ ಮೊದಲೇ ನುಗ್ಗಿಸಿ ದಂಡಕ್ಕೆ ಗುರಿ ಮಾಡುತ್ತಿದ್ದ, ಹಾಗೆ ನುಗ್ಗುವುದು ಆಟದಲ್ಲಿ ತಪ್ಪು. ಉಳಿದ ಮೂವರು ಮೋಸಹೋದರು. ಎಲ್ಡನ್‌ಗೆ ಆ ಕೂಗು ಸರಿಯಾಗಿ ಕೇಳಿಸಲೇ ಇಲ್ಲ. ಅವನು ಚೆಂಡನ್ನೇ ನೋಡುತ್ತ ಕೂತ. ಚೆಂಡು ಅಲುಗಿತು, ಅವನು ಅಲುಗಿದ. ಮೂರು ಸಲ, ಐದು ಸಲ, ಏಳು ಸಲ ಆ ನಾಯಕನನ್ನು ನೆಲಕ್ಕೆ ಕೂರಿಸಿದ. ವಿಲೋ ಬೆಂಡ್ ಒಂದೇ ಅಂಕದಿಂದ ಗೆದ್ದಿತು. ಮೇಷ್ಟ್ರು ಮೈದಾನದ ಅಂಚಿನಲ್ಲಿ ನಿಂತು ನಾಚಿಕೆಯಿಲ್ಲದೆ ಅತ್ತರು. ಕೊನೆಗೂ ಒಬ್ಬ ಹುಡುಗ ತಮ್ಮ ಮಾತಿನಂತೆ ಆಡಿದ್ದ.

ಆರೂವರೆಗೆ ಚರ್ಚಿನ ನೆಲಮಾಳಿಗೆಯಲ್ಲಿ ಎಂದಿನಂತೆ ಪೈ, ಕಾಫಿ. ಬಾಗಿಲು ತೆರೆದ ಮೇಷ್ಟ್ರು ಕಣ್ಣುಜ್ಜಿಕೊಂಡರು. ಅಡೆಲಮ್ಮ ಮತ್ತು ಗಸ್ ಒಂದೇ ಮೇಜಿನಲ್ಲಿ ಕೂತಿದ್ದರು. ಅಡೆಲಮ್ಮ ತಮ್ಮ ಕೈಯಾರೆ ಗಸ್‌ಗೆ ಪೈ ಬಡಿಸುತ್ತಿದ್ದರು.

"ಬನ್ನಿ ಮೇಷ್ಟ್ರೇ, ಕೂತ್ಕೊಳಿ," ಎಂದರು ಗಸ್, ತುಂಬ ಪ್ರೀತಿಯಿಂದ. "ಇವತ್ತು ನಮ್ಮಿಬ್ಬರ ಕಣ್ಣೂ ತೆರೀತು. ಕಾವಲು ಸಾಲಿಗೆ ಗಾತ್ರನೂ ಮುಖ್ಯ ಅಲ್ಲ, ವೇಗನೂ ಮುಖ್ಯ ಅಲ್ಲ."

"ತರಬೇತಿ ಕೊಡೋರು ಮುಖ್ಯ," ಎಂದರು ಅಡೆಲಮ್ಮ.

ಮೇಷ್ಟ್ರು ಕುರ್ಚಿ ಎಳೆದು ಕೂತರು. ಹನ್ನೊಂದು ವರ್ಷದ ನಂತರ! "ಅಯ್ಯೋ, ನನ್ನದೇನಿದೆ," ಎಂದು ತಲೆ ತಗ್ಗಿಸಿದರು.

"ಅದೇ ನಾವೂ ಅಂದ್ಕೊಂಡಿದ್ದು," ಎಂದರು ಗಸ್. "ಒಬ್ಬನ್ನ ಉಪವಾಸ ಕೆಡವಿ ಓಡಿಸಿದ್ರಿ, ಇನ್ನೊಬ್ಬನ ತೊಡೆ ಮುರಿದ್ರಿ. ಗೆಲ್ಲಿಸಿದ ಹುಡುಗನ್ನ ತಯಾರು ಮಾಡಿದ್ದು ಯಾರು? ಅವನ ಕಿವಿ ಮಂದ ಮಾಡಿದ ಬ್ಯಾಂಡಿನ ಮೇಷ್ಟ್ರು. ಸೋಮವಾರ ಸಾಲನ್ನ ಅವರ ಕೈಗೆ ಕೊಡೋದು ಅಂತ ಇಬ್ಬರೂ ಒಪ್ಪಿದ್ದೀವಿ. ಇಪ್ಪತ್ತೆರಡು ವರ್ಷದಲ್ಲಿ ಮೊದಲನೇ ಸಲ!"

"ಅವರಿಗೆ ಆಟಾನೇ ಗೊತ್ತಿಲ್ವಲ್ಲ!" ಎಂದು ಮೇಷ್ಟ್ರು ಕೂಗಿದರು.

"ಅದಕ್ಕೇ ಪಕ್ಷಪಾತ ಮಾಡಲ್ಲ," ಎಂದ ಫ್ಲಾಯ್ಡ್, ಪಕ್ಕದ ಮೇಜಿನಿಂದ.

ಅಡೆಲಮ್ಮ ಅಳಿಯನ ಮುಂದೆ ತಟ್ಟೆ ಸರಿಸಿ, ಎಲ್ಲರಿಗಿಂತ ದೊಡ್ಡ ತುಂಡೊಂದನ್ನು ಬಡಿಸಿದರು. "ತಿನ್ನಿ ಅಳಿಯಂದ್ರೇ. ಇನ್ನು ಸಂಜೆ ಹೊತ್ತೂ ಮನೇಲೇ ಇರ್ತೀರಲ್ಲ, ಮಾತಾಡೋಕೆ ನನಗೂ ಒಬ್ಬರು ಸಿಕ್ಕ ಹಾಗಾಯ್ತು."