ಮಾಲೀಕರು ಬೆಳಿಗ್ಗೆಯೇ ಬಂದಿದ್ದರು

ಮೇಲಿನ ಮನೆಯ ನಿವೃತ್ತ ಕಾಂಪೌಂಡರ್ ಅಂದು ಬೆಳಿಗ್ಗೆ "ನಮಸ್ಕಾರ" ಅನ್ನದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ಅಲ್ಪವಿರಾಮ ಮೆಟ್ಟಿಲಿಳಿದು ಬರುತ್ತಿದ್ದ. ಕಂಕುಳಲ್ಲಿ ಕರಡು ಪುಟಗಳ ಕಟ್ಟು, ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಕೊಡೆ. ಕಾರಿನ ಕೀಗೆ ಬೇರೆ ಜಾಗವಿಲ್ಲದೆ ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ. ಹಿರಿಯರು ನಮಸ್ಕಾರ ಅಂದಾಗ ಸುಮ್ಮನಿರುವುದು ಹೇಗೆ? ಬಾಯಿ ತೆರೆದ. ಕೀ ಟಣ್ಣೆಂದು ಮೆಟ್ಟಿಲಿಗೆ ಬಡಿದು, ಎರಡು ಸಲ ಕುಣಿದು, ತವರುಮನೆಗೆ ಹೊರಟ ಹಾಗೆ ನೇರವಾಗಿ ಚರಂಡಿಯ ಜಾಲರಿಯೊಳಗೆ ಇಳಿದುಹೋಯಿತು.

ಮುದ್ರಣಾಲಯದಲ್ಲಿ ಕರಡು ತಿದ್ದುವುದು ಅವನ ಉದ್ಯೋಗ. ಬೇರೆಯವರ ಬರಹದಲ್ಲಿ ಒಂದು ಚುಕ್ಕಿ ತಪ್ಪಿದರೂ ಬಿಡದವನು, ಸ್ವಂತ ಕೆಲಸವನ್ನೆಲ್ಲ ಅರ್ಧಕ್ಕೆ ನಿಲ್ಲಿಸಿ "ಆಮೇಲೆ ನೋಡೋಣ" ಅನ್ನುತ್ತಿದ್ದ. ಸಹೋದ್ಯೋಗಿಗಳು ಆ ಹೆಸರಿಟ್ಟದ್ದು ಅದಕ್ಕೇ.

"ಹೋಯ್ತಾ?" ಕಾಂಪೌಂಡರ್ ಜಾಲರಿಯ ಮೇಲೆ ಬಗ್ಗಿದರು. "ಸತ್ತವರ ಕಾರು ತಗೋಬೇಡಿ ಅಂತ ನಾನು ಅವತ್ತೇ ಹೇಳ್ಲಿಲ್ವಾ?"

ಕಾರು ಕೊಂಡು ನಾಲ್ಕು ತಿಂಗಳಾಗಿತ್ತು. ಪಕ್ಕದ ಬಡಾವಣೆಯ ಹೆಂಗಸೊಬ್ಬಳು ಮಾರಿದ್ದಳು. "ನಮ್ಮ ಯಜಮಾನರದ್ದು. ಅವರು ಹೋಗ್ಬಿಟ್ರು" ಎಂದು ಕರ್ಚೀಫಿನಲ್ಲಿ ಮೂಗೊರೆಸಿಕೊಂಡಿದ್ದಳು. "ಯಾವಾಗ?" ಎಂದರೆ "ಮಂಗಳವಾರ." "ಹೇಗೆ?" ಎಂದರೆ "ಇದ್ದಕ್ಕಿದ್ದ ಹಾಗೆ." ಹೆಚ್ಚು ಕೆದಕುವುದು ಸರಿಯಲ್ಲವೆಂದು ಇವನು ಸಮಾಧಾನ ಹೇಳಿ ಕಾರು ತಂದಿದ್ದ. ಕಾರನ್ನು ತನ್ನ ಹೆಸರಿಗೆ ವರ್ಗಾಯಿಸುವ ಅರ್ಜಿ ಮಾತ್ರ ಮುಂದಿನ ಸೀಟಿನೆದುರಿನ ಡಬ್ಬಿಯಲ್ಲಿ ಹಾಗೇ ಕೂತಿತ್ತು. ಆಮೇಲೆ ನೋಡೋಣ.

ಹೆಂಡತಿ ಕಿಟಕಿಯಿಂದ ತಲೆ ಹಾಕಿದಳು. "ಮೂರು ಗಂಟೆಗೆ ಅಮ್ಮನ್ನ ಆಸ್ಪತ್ರೆಯಿಂದ ಕರ್ಕೊಂಡು ಬರ್ಬೇಕು, ನೆನಪಿದೆ ತಾನೆ? ಕಣ್ಣಿನ ಆಪರೇಷನ್ ಆದವರನ್ನ ಬಸ್ಸಲ್ಲಿ ಜೋತಾಡಿಸ್ಕೊಂಡು ತರ್ತೀರಾ?"

"ಶೋರೂಮಿಗೆ ಹೋಗಿ ಇನ್ನೊಂದು ಕೀ ತರ್ತೀನಿ. ಎಷ್ಟು ಹೊತ್ತಿನ ಕೆಲಸ!"

ಕರಡನ್ನು ಮುದ್ರಣಾಲಯಕ್ಕೆ ಮುಟ್ಟಿಸಿ ಅವನು ಶೋರೂಮ್ ತಲುಪಿದಾಗ ಮಧ್ಯಾಹ್ನವಾಗಿತ್ತು. ಅಲ್ಲಿ ಗಿರಾಕಿಗಳಿರಲಿಲ್ಲ. ಹೊಸ ಕಾರುಗಳು ದೀಪದ ಕಣ್ಣು ಬಿಟ್ಟುಕೊಂಡು ಸಾಲಾಗಿ ಅವನನ್ನೇ ನೋಡುತ್ತಿದ್ದವು. ಹೆಜ್ಜೆ ಇಟ್ಟರೆ ಸದ್ದು ಹಿಂದಿನಿಂದ ಬಂದಂತಾಗುತ್ತಿತ್ತು. ಕೌಂಟರಿನ ಹುಡುಗಿ ಕಾರಿನ ನಂಬರನ್ನು ಕಂಪ್ಯೂಟರಿಗೆ ಒತ್ತಿ, ಪರದೆ ನೋಡಿದಳು, ಅವನನ್ನು ನೋಡಿದಳು, ಮತ್ತೆ ಪರದೆ ನೋಡಿದಳು.

"ಕೀ ಕೊಟ್ಟಾಯ್ತಲ್ಲ ಸಾರ್."

"ಯಾರಿಗೆ?"

"ಓನರ್‌ಗೆ. ಬೆಳಿಗ್ಗೆ ಬಾಗಿಲು ತೆರೆಯೋಕ್ ಮುಂಚೇನೇ ಬಂದು ನಿಂತಿದ್ರು. ಹೋದ ವಾರ ಆರ್ಡರ್ ಕೊಟ್ಟಿದ್ರು, ಇವತ್ತು ತಗೊಂಡು ಹೋದ್ರು."

"ಓನರ್ ನಾನು!"

ಹುಡುಗಿ ಪರದೆಯ ಮೇಲಿನ ಹೆಸರು ಓದಿದಳು. ಕಾರು ಮಾರಿದವಳ ಗಂಡನ ಹೆಸರು. ಅಲ್ಪವಿರಾಮ ಕೌಂಟರಿನ ಮೇಲೆ ಬಗ್ಗಿದ. "ಅವರು... ಅವರು ಸತ್ತು ನಾಲ್ಕು ತಿಂಗಳಾಯ್ತಮ್ಮ."

ಅವಳು ರಿಜಿಸ್ಟರ್ ತಿರುಗಿಸಿ ತೋರಿಸಿದಳು. ಅವನು ಜೇಬಿನಿಂದ ಕಾರಿನ ಹಳೆಯ ಕಾಗದ ತೆಗೆದು, ಎರಡು ಸಹಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿದ. ಅದೇ ವಾಲಿಕೆ, ಅದೇ ಬಾಲ. ಹದಿನೆಂಟು ವರ್ಷದ ಅನುಭವದಲ್ಲಿ ಮೊದಲ ಸಲ, ಒಂದೇ ಒಂದು ತಪ್ಪು ಸಿಕ್ಕಲಿ ಎಂದು ಹಂಬಲಿಸಿದ. ಸಿಗಲಿಲ್ಲ.

"ಒಂದು ವಿಚಿತ್ರ ಸಾರ್," ಹುಡುಗಿ ದನಿ ತಗ್ಗಿಸಿದಳು. "ನಮ್ಮ ಗಾಜಿನ ಬಾಗಿಲು ಯಾರು ಹತ್ರ ಬಂದ್ರೂ ತಾನಾಗೇ ತೆರ್ಕೊಳ್ಳುತ್ತೆ. ಅವರಿಗೆ ಮಾತ್ರ ತೆರ್ಕೊಳ್ಲೇ ಇಲ್ಲ. ನಾನೇ ಹೋಗಿ ಕೈಯಲ್ಲಿ ಎಳೆದೆ."

ಅಷ್ಟರಲ್ಲಿ ಮ್ಯಾನೇಜರ್ ಬಂದರು. ಇಸ್ತ್ರಿ ಪೆಟ್ಟಿಗೆಯಿಂದ ಈಗ ತಾನೇ ಎದ್ದು ಬಂದಂತಿದ್ದರು. ವಿಷಯ ಕೇಳಿ, "ನೋಡಿ ಸಾರ್, ಗುರುತಿನ ಚೀಟಿ ಸರಿ ಇತ್ತು, ಸಹಿ ಸರಿ ಇತ್ತು. ಬದುಕಿದೀರಾ ಅಂತ ಕೇಳೋ ಕಾಲಂ ನಮ್ಮ ಫಾರಂನಲ್ಲಿಲ್ಲ" ಎಂದರು.

"ನನಗೊಂದು ಕೀ ಮಾಡ್ಕೊಡಿ, ಸಾಕು."

"ಓನರ್ ಸಹಿ ಬೇಕಲ್ಲ. ಇಲ್ಲದಿದ್ರೆ ಅವರ ಮರಣಪತ್ರ ತನ್ನಿ." ಮ್ಯಾನೇಜರ್ ಟೈ ಸರಿಪಡಿಸಿಕೊಂಡರು. "ಆದ್ರೆ ಬೆಳಿಗ್ಗೆ ಬಂದವರ ಮರಣಪತ್ರ ನಾವು ಹ್ಯಾಗೆ ತಗೊಳ್ಳೋದು ಅನ್ನೋದೂ ಪ್ರಶ್ನೆ. ಅಂದ ಹಾಗೆ, ಹೋದ ತಿಂಗಳು ಸರ್ವೀಸಿಗೆ ಬಿಟ್ಟಾಗ ನೀವು ಬರೆಸಿದ ವಿಳಾಸ ಕೇಳಿದ್ರು. ಕೊಟ್ವಿ."

ಅಲ್ಪವಿರಾಮನ ಜೇಬಿನಲ್ಲಿ ಫೋನು ನಡುಗಿತು. ಹೆಂಡತಿ.

"ಬಂದವರು ಮೇಲೆ ಬರೋದಲ್ವಾ? ಅಲ್ಲೇ ಕೂತು ರೇಡಿಯೋ ಕೇಳ್ತಿದೀರಲ್ಲ!"

"ನಾನಿನ್ನೂ ಶೋರೂಮಲ್ಲೇ ಇದೀನಿ."

ಹೆಂಡತಿಯ ದನಿ ಸಣ್ಣದಾಯಿತು: "ಹಾಗಾದ್ರೆ ಕಾರೊಳಗೆ ಕೂತಿರೋದು ಯಾರು?"

ಅವನು ಮನೆ ತಲುಪಿದಾಗ ಎರಡು ಗಂಟೆ. ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಹಗಲಿನಲ್ಲೂ ಮಬ್ಬು. ಇದ್ದ ಒಂದೇ ಟ್ಯೂಬ್‌ಲೈಟು ಕಣ್ಣು ಹೊಡೆಯುತ್ತಿತ್ತು. ಕಟ್ಟಡದವರೆಲ್ಲ ಕಂಬದ ಹಿಂದೆ ಗುಂಪುಗೂಡಿದ್ದರು. ಕಾರಿನ ಗಾಜೆಲ್ಲ ಮಂಜು ಹಿಡಿದಂತಾಗಿತ್ತು. ಒಳಗೆ ಬಿಳಿ ಶರ್ಟು, ಅಲುಗಾಡದ ಕತ್ತು. ಯಾವುದೋ ಸ್ಟೇಷನ್ನಿನ ಗೊರಗೊರ ಸದ್ದು.

"ಮುಕ್ಕಾಲು ಗಂಟೆಯಿಂದ ನೋಡ್ತಿದೀನಿ, ಉಸಿರೇ ಆಡ್ತಿಲ್ಲ," ಎಂದರು ಕಾಂಪೌಂಡರ್. "ನಲವತ್ತು ವರ್ಷ ಆಸ್ಪತ್ರೆಯಲ್ಲಿದ್ದೋನು ನಾನು. ಹೋಗಿ, ಮಾತಾಡಿಸಿ."

"ನೀವೂ ಬನ್ನಿ."

"ಕಾರು ಯಾರದ್ರೀ?" ಎಂದು ಕಾಂಪೌಂಡರ್ ಅವನನ್ನು ಮೆಲ್ಲಗೆ ಮುಂದೆ ನೂಕಿದರು.

ಅಲ್ಪವಿರಾಮ ಒಂದು ಬೆರಳಿನಿಂದ ಗಾಜು ತಟ್ಟಿದ. ಗಾಜು ನಿಧಾನವಾಗಿ ಕೆಳಗಿಳಿಯಿತು. ತೆಳ್ಳನೆಯ, ಬಿಳಿಚಿದ ಮುಖವೊಂದು ಅವನತ್ತ ತಿರುಗಿತು.

"ನೀವು... ಹೋಗಿದ್ರಲ್ಲ?" ಅಂದ ಅಲ್ಪವಿರಾಮ.

"ಹೋಗಿದ್ದೆ. ವಾಪಸ್ ಬಂದೆ."

"ಅಲ್ಲಿಂದ... ವಾಪಸ್ ಬರೋಕೆ ಆಗುತ್ತಾ?"

"ಯಾಕಾಗಲ್ಲ? ಎರಡು ಬಸ್ ಬದಲಾಯಿಸ್ಬೇಕು, ಅಷ್ಟೆ."

ಸಂಗತಿ ಬಿಚ್ಚಿಕೊಂಡಿತು. ಗಂಡ ಹೆಂಡತಿ ಜಗಳವಾಡಿ, ಇವರು ಒಂದು ಮಂಗಳವಾರ ಹೇಳದೆ ಕೇಳದೆ ದೂರದ ಅಣ್ಣನ ಮನೆಗೆ ಹೋಗಿಬಿಟ್ಟಿದ್ದರು. ಹೋಗಿಬಿಟ್ರು ಅಂದರೆ ಅಷ್ಟೇ ಅರ್ಥ. ಉಳಿದದ್ದನ್ನು ಅಲ್ಪವಿರಾಮ ತಾನೇ ಸೇರಿಸಿ ಓದಿಕೊಂಡಿದ್ದ. ಕಂಬದ ಹಿಂದಿನವರು ನಿರಾಶರಾಗಿ ಒಬ್ಬೊಬ್ಬರೇ ಮನೆ ಸೇರಿದರು. ಉಸಿರಿನ ವಿಷಯದಲ್ಲಿ ತಪ್ಪಿದ ಕಾಂಪೌಂಡರ್ ಎಲ್ಲರಿಗಿಂತ ಮೊದಲು ಹೊರಟಿದ್ದರು.

ಅಲ್ಪವಿರಾಮ ಕೈಮುಗಿದ. "ಸಾರ್, ನಂಗೇನೂ ಗೊತ್ತಿರ್ಲಿಲ್ಲ. ಪೊಲೀಸು ಗಿಲೀಸು ಅಂತ..."

"ಛೆ, ಕಾರನ್ನ ಚೆನ್ನಾಗಿ ನೋಡ್ಕೊಂಡಿದೀರಿ. ನನಗಿನ್ನು ಇದರಿಂದ ಏನಾಗಬೇಕು? ಎಲ್ಲಿ, ಕಾರಿನ ಡಬ್ಬೀಲಿರೋ ಆ ಅರ್ಜಿ ಕೊಡಿ."

ಅವರು ಸಹಿ ಹಾಕಿದರು. ಅಲ್ಪವಿರಾಮ ಕಾಗದವನ್ನು ಮೇಲಿಂದ ಕೆಳಗೆ ಓದಿ, "ದಿನಾಂಕ ಬಿಟ್ಟಿದೀರಿ" ಎಂದ. ಅವರು ಕ್ಷಣ ಹೊತ್ತು ಅವನನ್ನೇ ದಿಟ್ಟಿಸಿ, "ಹಾಕ್ಲೇಬೇಕಾ?" ಎಂದು ಕೇಳಿದರು.

"ಹಾಕ್ಬೇಕು ಸಾರ್. ಇಲ್ಲದಿದ್ರೆ ಕಾಗದಕ್ಕೆ ಬೆಲೆ ಇಲ್ಲ."

ಅಂದಿನ ದಿನಾಂಕ ಬರೆದರು. ಕೀ ಅವನ ಕೈಗಿಟ್ಟು ತಾವು ಹಿಂದಿನ ಸೀಟಿಗೆ ಹೋಗಿ ಕೂತರು. "ನೀವು ಹೋಗೋ ದಾರೀಲೇ ನಮ್ಮ ಮನೆ. ನನ್ನನ್ನ ನೋಡಿದ್ರೆ ಅವಳು ಬಾಗಿಲು ತೆಗೆಯಲ್ಲ. ನೀವು ಮೊದಲು ಒಂದು ಮಾತಾಡಿ."

ಜೀವನದಲ್ಲಿ ಮೊದಲ ಸಲ ಒಂದು ಕೆಲಸ ಪೂರ್ತಿಯಾದ ಹಗುರದಲ್ಲಿ ಅಲ್ಪವಿರಾಮ ಶಿಳ್ಳೆ ಹಾಕುತ್ತ ಕಾರು ಓಡಿಸಿದ. ಮನೆಯ ಮುಂದೆ ಕಾರು ನಿಲ್ಲಿಸಿದಾಗ ಮೂರಕ್ಕೆ ಹತ್ತು ನಿಮಿಷವಿತ್ತು. ಎರಡು ಮಾತಿನ ಕೆಲಸವೆಂದು ಕೀಯನ್ನು ಕಾರಿನಲ್ಲೇ ಬಿಟ್ಟು, ಅರ್ಜಿಯನ್ನು ಮಾತ್ರ ಹೆಮ್ಮೆಯಿಂದ ಹಿಡಿದು, ಗೇಟು ತೆರೆದ.

ಹೆಂಗಸು ಆಗ ತಾನೇ ಬೀಗ ತೆಗೆಯುತ್ತಿದ್ದಳು. ಕಾಲ ಬಳಿ ಚೀಲಗಳಿದ್ದವು. ಕಣ್ಣು ಊದಿಕೊಂಡಿತ್ತು.

"ಅಮ್ಮಾ, ಆದದ್ದೆಲ್ಲ ಮರೆತುಬಿಡಿ. ನಿಮ್ಮ ಯಜಮಾನರು ವಾಪಸ್ ಬಂದಿದ್ದಾರೆ."

ಅವಳ ಕೈಯಿಂದ ಬೀಗ ಬಿತ್ತು. "ತಮಾಷೆ ಮಾಡ್ತೀರಾ? ಮೊನ್ನೆ ಬೆಳಿಗ್ಗೆ ಅವರ ಅಣ್ಣನ ಫೋನು ಬಂತು. ಮಲಗಿದವರು ಏಳ್ಲೇ ಇಲ್ಲ. ನಿನ್ನೆ ಎಲ್ಲಾ ಮುಗಿಸಿ, ಈಗಷ್ಟೇ ಬಸ್ಸಿಳಿದು ಬರ್ತಿದೀನಿ."

ಅಲ್ಪವಿರಾಮನಿಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಬೆನ್ನ ಹಿಂದೆ ಕಾರು ಶುರುವಾದ ಸದ್ದು ಕೇಳಿತು. ತಿರುಗಿದಾಗ ಅದು ಆಗಲೇ ರಸ್ತೆಯ ತುದಿ ಮುಟ್ಟಿತ್ತು. ಸ್ಟೀರಿಂಗ್ ಹಿಂದೆ ಯಾರೂ ಕಾಣಲಿಲ್ಲ. ಬಲಕ್ಕೆ ತಿರುಗುವ ದೀಪವನ್ನು ಕ್ರಮವಾಗಿ ಮಿಣುಕಿಸಿ, ಎದುರಿಗೆ ಬಂದ ಸೈಕಲ್ಲಿನವನಿಗೆ ದಾರಿ ಬಿಟ್ಟು, ಕಾರು ಮರೆಯಾಯಿತು.

ಅವನು ಕೈಯಲ್ಲಿದ್ದ ಕಾಗದ ನೋಡಿದ. ಒತ್ತಕ್ಷರ, ದೀರ್ಘ, ಚುಕ್ಕಿ, ದಿನಾಂಕ, ಎಲ್ಲ ಸರಿಯಾಗಿದ್ದವು. ಇದರ ಪ್ರಕಾರ ಈ ಲೋಕದಲ್ಲಿ ಆ ಕಾರಿಗೆ ಈಗ ಅವನೇ ಮಾಲೀಕ. ಕಾರು ಮಾತ್ರ ಈ ಲೋಕದಲ್ಲಿ ಇದೆಯೋ ಇಲ್ಲವೋ, ಅದನ್ನು ಯಾವ ಕಚೇರಿಯಲ್ಲಿ ವಿಚಾರಿಸಬೇಕು ಎಂಬುದು ಅವನಿಗೆ ಹೊಳೆಯಲಿಲ್ಲ.